ಇಳಿದ ಮೇಲಿನ ಕೆಲಸ

ಅಟ್ಟಕ್ಕೆ ಹತ್ತುವ ಮಡಚು ಏಣಿಯನ್ನು ಮೊದಲು ಮಾಡಿದವನು ಬಹಳ ಯೋಚಿಸಿದವನಿರಬೇಕು. ಅದರ ಸ್ಪ್ರಿಂಗ್ ನೋಡಿದಾಗಲೆಲ್ಲ ನನಗೆ ಹಾಗನಿಸುತ್ತದೆ. ಚಾವಣಿಯಲ್ಲಿ ಒಂದು ಬಾಗಿಲು. ಅದರ ಬೆನ್ನ ಮೇಲೆ ಮೂರು ಮಡಿಕೆಯಾಗಿ ಮಲಗಿದ ಏಣಿ. ಇಳಿಬಿಟ್ಟ ಹಗ್ಗವನ್ನೋ ಕೊಕ್ಕೆಯ ಕೋಲನ್ನೋ ಹಿಡಿದು ಎಳೆದರೆ ಬಾಗಿಲು ಕೆಳಕ್ಕೆ ಬಾಗಿ ಬರುತ್ತದೆ. ಎಳೆಯುವಾಗ ತುಸು ಬಿಗಿ ಅನಿಸುತ್ತದೆ. ಎರಡೂ ಮಗ್ಗುಲಲ್ಲಿರುವ ಸ್ಪ್ರಿಂಗ್‌ಗಳು ಹಿಗ್ಗುತ್ತಿರುವ ಬಿಗಿ ಅದು. ತೆರೆಯುವುದಕ್ಕೆ ನಾವು ಹಾಕಿದ ಬಲವನ್ನು ಅವು ತಮ್ಮಲ್ಲಿ ಇಟ್ಟುಕೊಳ್ಳುತ್ತವೆ. ಮುಚ್ಚುವ ಹೊತ್ತಿಗೆ ಅದೇ ಬಲ ಮರಳಿ ಬಂದು ಕೈಗೂಡುತ್ತದೆ. ಬಾಗಿಲು ಮತ್ತು ಏಣಿ ಎರಡರ ಭಾರವೂ ಹಗುರಾಗುತ್ತದೆ. ತೆರೆಯುವಾಗಲೇ ಮುಚ್ಚುವ ಶಕ್ತಿಯನ್ನು ತೆಗೆದಿಡುವ ಈ ಏರ್ಪಾಡು ನಾವು ಮಾಡುವ ಬೇರೆ ಯಾವ ಯಾವ ಕೆಲಸಗಳಲ್ಲಿದೆ ಎಂದು ಕೇಳಿಕೊಳ್ಳುತ್ತ ಬಂದಿದ್ದೇನೆ.

ಇಂಥ ಏಣಿ ಕೊಪ್ಪಳ ಸೀಮೆಯ ನಮ್ಮ ಹುಲಿಗಿಯ ಕಡೆ ಇನ್ನೂ ಅಪರೂಪ. ಅಮೆರಿಕದ ಮರದ ಮನೆಗಳಲ್ಲಿ ಇದು ಮಾಮೂಲಿ. ಅಲ್ಲಿ ನೆಲೆಸಿದ ನಮ್ಮ ಮಕ್ಕಳು ಇದನ್ನು ದೀಪಾವಳಿಯ ದೀಪದ ಸರ ಇಳಿಸಿಕೊಳ್ಳಲು, ಊರಿಗೆ ಬರುವಾಗಿನ ಸೂಟ್‌ಕೇಸು ಇಳಿಸಿಕೊಳ್ಳಲು ಬಳಸುತ್ತಾರೆ. ಇಲ್ಲಿಯ ಆರ್‌ಸಿಸಿ ಮನೆಗಳಲ್ಲಿ ಅಟ್ಟವೆಂದರೆ ಅಡುಗೆಮನೆಯ ಬಾಗಿಲ ಮೇಲಿನ ಗೂಡು. ಅದಕ್ಕೆ ಅಲ್ಯುಮಿನಿಯಂ ಏಣಿಯನ್ನು ಹೊರಗಿನಿಂದ ತಂದು ನಿಲ್ಲಿಸಬೇಕು. ಆದರೂ ಅಟ್ಟದ ಅಗತ್ಯ ಹುಲಿಗಿಗೆ ಬೇರೆ ಊರುಗಳಿಗಿಂತ ಹೆಚ್ಚು. ಹುಣ್ಣಿಮೆ ಬಂದರೆ ಹುಲಿಗೆಮ್ಮನ ದರ್ಶನಕ್ಕೆ ಬೀಗರು, ಬಿಜ್ಜರು, ಪರಿಚಯದವರು, ಪರಿಚಯದವರ ಪರಿಚಯದವರು ಬರುತ್ತಾರೆ. ಭರತ ಹುಣ್ಣಿಮೆಗಂತೂ ತುಂಗಭದ್ರಾ ಹೊಳೆಯ ದಂಡೆಯಿಡೀ ಉಧೋ ಉಧೋ ಎನ್ನುವ ಕೂಗು. ಆ ದಿನಗಳಿಗೆ ಬೇಕಾದ ಕೌದಿ, ಜಮಖಾನೆ, ದೊಡ್ಡ ಪಾತ್ರೆಗಳು ವರ್ಷದ ಉಳಿದ ದಿನಗಳಲ್ಲಿ ಎಲ್ಲಿರಬೇಕು? ಮೇಲೆಯೇ. ದಿನವೂ ಬೇಡದ್ದು, ಆದರೆ ಬಿಸಾಡಲು ಬಾರದ್ದು ಅಟ್ಟಕ್ಕೆ ಹೋಗುತ್ತದೆ. ಮನೆಯ ತೊಟ್ಟಿಲು ಹಾಗೆ ಹೋಗುತ್ತದೆ. ಒಂದು ಕೂಸು ಬೆಳೆದ ಮೇಲೆ ತೊಟ್ಟಿಲ ಹಲಗೆ ಬಿಚ್ಚಿ, ಸರಪಳಿಯನ್ನು ಹಳೆ ಸೀರೆಯಲ್ಲಿ ಸುತ್ತಿ, ಮೇಲಿಡುತ್ತಾರೆ. ಮುಂದಿನ ಕೂಸಿಗಾಗಿ ಅದು ಕಾಯುತ್ತದೆ. ಅದು ಯಾರ ಮಗು, ಯಾವ ವರ್ಷಕ್ಕೆ ಎಂದು ಇಟ್ಟವರಿಗೂ ಗೊತ್ತಿರುವುದಿಲ್ಲ.

ಏಣಿಯ ಅಪಾಯವೂ ಇಲ್ಲಿಂದಲೇ ಹುಟ್ಟುತ್ತದೆ. ದಿನಾ ಹಿಡಿಯುವ ಈಳಿಗೆಯ ಚೂಪು ಕೈಗೆ ಗೊತ್ತು. ದಿನಾ ಹಚ್ಚುವ ಒಲೆಯ ಬಿಸಿ ಗೊತ್ತು. ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಹತ್ತುವ ಏಣಿಯ ವಿಷಯದಲ್ಲಿ ಕೈಗೂ ಕಾಲಿಗೂ ನೆನಪಿಲ್ಲ. ಮರದ ಏಣಿಯೂ ಆ ನಡುವೆ ಸುಮ್ಮನಿರುವುದಿಲ್ಲ. ಕೊಪ್ಪಳ ಸೀಮೆಯ ಬೇಸಿಗೆಯಲ್ಲಿ ಮರ ಒಣಗಿ ಕುಗ್ಗುತ್ತದೆ, ಮಳೆಗಾಲದಲ್ಲಿ ಉಬ್ಬುತ್ತದೆ. ಹೀಗೆ ಕುಗ್ಗಿ ಉಬ್ಬಿ ಬೋಲ್ಟಿನ ಹಿಡಿತ ಸಡಿಲವಾಗುತ್ತದೆ. ಹೋದ ಸಲ ಗಟ್ಟಿಯಿತ್ತು ಎನ್ನುವುದು ಈ ಸಲಕ್ಕೆ ಆಧಾರವಾಗದು. ಅದಕ್ಕೇ ಹತ್ತುವ ಮುನ್ನ ಕೀಲು, ಬೋಲ್ಟು, ಮೆಟ್ಟಿಲುಗಳನ್ನು ಒಂದೊಂದಾಗಿ ಮುಟ್ಟಿ ನೋಡಬೇಕು. ಕಣ್ಣಿಗೆ ಕಾಣದ ಸಡಿಲು ಬೆರಳಿಗೆ ಸಿಗುತ್ತದೆ.

ತೆರೆಯುವಾಗ ಬಾಗಿಲ ನೇರ ಕೆಳಗೆ ನಿಲ್ಲಬಾರದು. ಒಂದು ಕಡೆಯ ಸ್ಪ್ರಿಂಗ್ ಕಿತ್ತಿದ್ದರೆ ಬಾಗಿಲು ಧಡಕ್ಕನೆ ಇಳಿಯುತ್ತದೆ. ಮಗ್ಗುಲಿಗೆ ನಿಂತು, ಒಂದೇ ಸಮನೆ, ಪೂರ್ತಿ ಇಳಿಯುವ ತನಕ ಎಳೆಯಬೇಕು. ಆಮೇಲೆ ಮಡಿಕೆಗಳನ್ನು ಒಂದಾದ ಮೇಲೊಂದು ಬಿಚ್ಚಬೇಕು. ಬಿಚ್ಚಿದ ಮೇಲೆ ತುಂಡಿಗೆ ತುಂಡು ಕೂಡುವ ಕಡೆ ನೋಡಬೇಕು. ಅಲ್ಲಿ ಸಂದು ಉಳಿದಿರಬಾರದು. ಏಣಿಯ ಎರಡೂ ಕಾಲು ನೆಲದ ಮೇಲೆ ಮಟ್ಟಸವಾಗಿ ಕೂತಿರಬೇಕು. ಕಾಲು ಗಿಡ್ಡವಾಗಿ ನೆಲ ಮುಟ್ಟದಿದ್ದರೆ ಹತ್ತಿದವನ ಭಾರವೆಲ್ಲ ಮೇಲಿನ ಕೀಲುಗಳಿಗೆ ಬೀಳುತ್ತದೆ. ಉದ್ದವಾದರೆ ಕೂಡುವಲ್ಲಿ ಏಣಿ ಬಾಗಿ ಸಂದು ಬಿಡುತ್ತದೆ. ಆಗಲೂ ಮುರಿಯುವುದು ಕೀಲೇ. ಆದ್ದರಿಂದ ಇಂಥ ಏಣಿ ಕೂರಿಸುವ ಬಡಿಗ ನೆಲದಿಂದ ಚಾವಣಿಯ ಎತ್ತರ ಅಳೆದು, ಏಣಿ ನಿಲ್ಲುವ ಓರೆಗೆ ತಕ್ಕಂತೆ ಕಾಲನ್ನು ಕೊಯ್ಯುತ್ತಾನೆ. ಒಂದು ಮನೆಗೆ ಕೊಯ್ದ ಏಣಿ ಇನ್ನೊಂದು ಮನೆಗೆ ಸಲ್ಲದು. ತಡೆಯುವ ಭಾರವನ್ನು ಮಾಡಿದವರು ಅದರ ಮೇಲೆಯೇ ಬರೆದಿರುತ್ತಾರೆ. ಮನೆಬಳಕೆಯ ಅಟ್ಟದ ಏಣಿಗಳಲ್ಲಿ ಅದು ಸಾಮಾನ್ಯವಾಗಿ 110ರಿಂದ 160 ಕಿಲೋ ನಡುವೆ. ಆ ಲೆಕ್ಕದಲ್ಲಿ ಮೈಭಾರದ ಜೊತೆಗೆ ಕೈಯಲ್ಲಿರುವ ಪೆಟ್ಟಿಗೆಯ ಭಾರವೂ ಸೇರಿದೆ ಎನ್ನುವುದನ್ನು ಬಹಳ ಜನ ಮರೆಯುತ್ತಾರೆ.

ಹೊರಗಿನಿಂದ ತಂದು ಗೋಡೆಗೆ ಆನಿಸುವ ನಮ್ಮ ಏಣಿಗೆ ಬೇರೆ ಲೆಕ್ಕ. ಏಣಿ ಗೋಡೆಗೆ ಆನುವ ಎತ್ತರ ನಾಲ್ಕು ಅಡಿಯಾದರೆ ಕಾಲು ಗೋಡೆಯಿಂದ ಒಂದು ಅಡಿ ದೂರ, ಎಂಟಾದರೆ ಎರಡು. ಮೇಲೆ ಹತ್ತಿ ಇನ್ನೊಂದು ಜಾಗಕ್ಕೆ ದಾಟಿಕೊಳ್ಳುವುದಿದ್ದರೆ ಏಣಿಯ ತುದಿ ಆ ಅಂಚಿಗಿಂತ ಮೂರಡಿಯಷ್ಟು ಮೇಲಿರಬೇಕು, ದಾಟುವಾಗ ಕೈಗೆ ಹಿಡಿತ ಸಿಗಲೆಂದು. ಏಣಿಗಳ ಸುರಕ್ಷತೆಗೆ ನಮ್ಮ ದೇಶದಲ್ಲೂ ಐಎಸ್ 3696 ಎಂಬ ಮಾನಕವಿದೆ. ಅದನ್ನು ಓದದವರೂ ಏಣಿಯ ಕಾಲಿಗೆ ತಮ್ಮ ಕಾಲ್ಬೆರಳು ತಾಗಿಸಿ ನೆಟ್ಟಗೆ ನಿಂತು ಎರಡೂ ಕೈ ಮುಂದೆ ಚಾಚಿ ನೋಡಬಹುದು. ಭುಜದ ಮಟ್ಟದ ಮೆಟ್ಟಿಲು ಅಂಗೈಗೆ ಸಿಕ್ಕರೆ ಓರೆ ಸರಿಯಿದೆ. ಅಳತೆಗೋಲು ಮೈಯಲ್ಲೇ ಇದೆ.

ಇಷ್ಟೆಲ್ಲ ಹತ್ತುವ ಮಾತಾಯಿತು. ನನ್ನನ್ನು ಹೆಚ್ಚು ಕಾಡುವುದು ಇಳಿಯುವುದು, ಇಳಿದ ಮೇಲೆ ಮುಚ್ಚುವುದು.

ನಮ್ಮ ಸೀಮೆಯ ಹಳೆಯ ಮೇಲ್ಮುದ್ದೆ ಮನೆಗಳನ್ನು ಕಂಡವರಿಗೆ ಬೆಳಕಿಂಡಿ ಗೊತ್ತು. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಟ್ಟಿಗೆಯ ಚಿಲಿಕೆ, ಅದರ ಮೇಲೆ ಮಣ್ಣು. ಆ ಮಾಳಿಗೆಯ ನಡುವೆ ಬೆಳಕು ಬೀಳಲು, ಹೊಗೆ ಹೋಗಲು ಒಂದು ಕಿಂಡಿ. ಮಳೆ ಹನಿಯತೊಡಗಿದರೆ ಮನೆಯಲ್ಲಿ ಒಬ್ಬರು ನಿಚ್ಚಣಿಕೆ ಹತ್ತಿ ಮಾಳಿಗೆಗೆ ಓಡಲೇಬೇಕು, ಕಿಂಡಿಗೆ ಕಲ್ಲೋ ಹೆಂಚೋ ಮುಚ್ಚಲು. ಒಣಹಾಕಿದ ಮೆಣಸಿನಕಾಯಿ, ಶ್ಯಾವಿಗೆ, ಸಂಡಿಗೆಗಳನ್ನು ಬಾಚಿಕೊಂಡು ಬರುವುದು ಆಮೇಲೆ. ಕಿಂಡಿ ಮೊದಲು. ಮುಚ್ಚಬರುವಂತೆ ಅದರ ಪಕ್ಕದಲ್ಲೇ ಮುಚ್ಚಳ ಸದಾ ಇರುತ್ತಿತ್ತು. ಬೆಳಕಿಗೆ ಬಾಯಿ ಕೊಯ್ದವನು ಮಳೆಯನ್ನೂ ಅದೇ ದಿನ ನೆನೆದಿದ್ದ. ಮಳೆಗಾಲಕ್ಕೆ ಮುನ್ನ ಮಾಳಿಗೆಗೆ ಸವಳು ಮಣ್ಣು ಹಾಕುವುದೂ ಇದೇ ಬಗೆಯ ನೆನಪು. ಆ ಮಣ್ಣು ನೀರನ್ನು ಒಳಗೆ ಬಿಡದೆ ಹರಿಸಿಬಿಡುತ್ತದೆ.

ಹಗೇವಿನ ಮಾತು ಇನ್ನೂ ಗಹನ. ನೆಲದೊಳಗೆ ತೋಡಿದ ಕಣಜ ಅದು. ಕೊಡದಂತೆ ಬಾಯಿ ಕಿರಿದು, ಹೊಟ್ಟೆ ಹಿರಿದು. ಜೋಳ ತುಂಬಿ ಬಾಯಿಗೆ ಕಲ್ಲಿಟ್ಟು ಮಣ್ಣು ಮೆತ್ತಿದರೆ ಬರಗಾಲದ ವರ್ಷಕ್ಕೆ ಅದೇ ಅನ್ನ. ತೆಗೆಯುವ ದಿನ ಮಾತ್ರ ಯಾರೂ ಅವಸರ ಮಾಡುತ್ತಿರಲಿಲ್ಲ. ಒಳಗೆ ಮುಚ್ಚಿದ ಕಾಳೂ ಉಸಿರಾಡುತ್ತದೆ. ಆಮ್ಲಜನಕ ತೀರಿ ಇಂಗಾಲದ ಡೈ ಆಕ್ಸೈಡ್ ತುಂಬಿಕೊಳ್ಳುತ್ತದೆ. ಗಾಳಿಗಿಂತ ಭಾರವಾದ್ದರಿಂದ ಅದು ತಳದಲ್ಲೇ ಕೂರುತ್ತದೆ. ಕಲ್ಲು ತೆಗೆದ ಕೂಡಲೇ ಇಳಿದವನು ಮೇಲೆ ಬರುವುದಿಲ್ಲ. ಅದಕ್ಕೆ ಬಾಯಿ ತೆರೆದು ಬಹಳ ಹೊತ್ತು ಬಿಡುತ್ತಿದ್ದರು, ಹಗ್ಗಕ್ಕೆ ದೀಪ ಕಟ್ಟಿ ಇಳಿಬಿಟ್ಟು ನೋಡುತ್ತಿದ್ದರು. ದೀಪ ಆರಿದರೆ ಇಳಿಯುವ ಮಾತಿಲ್ಲ. ಆ ಗಾಳಿಯ ಹೆಸರು, ಗುಣ ಓದಿ ತಿಳಿದವರಲ್ಲ ಅವರು. ತೆರೆದ ಬಾಯಿಯೊಳಗೆ ತಮಗೆ ಕಾಣದ್ದು ಏನೋ ಇದೆ ಎಂದು ಒಪ್ಪಿಕೊಂಡಿದ್ದರು, ಅದನ್ನು ತಮಗಿಂತ ಮೊದಲು ದೀಪದಿಂದ ಕೇಳುತ್ತಿದ್ದರು.

ಹತ್ತುವ ಏಣಿ, ಇಳಿಯುವ ಹಗೇವು ಎರಡರಲ್ಲೂ ನಾನು ಕಾಣುವುದು ಒಂದನ್ನೇ. ತೆರೆಯಲು ನಮ್ಮನ್ನು ನೂಕುವುದು ಅಗತ್ಯ. ಹಸಿವಿತ್ತು, ಹಗೇವು ತೆರೆದೆವು. ಬೆಳಕು ಬೇಕಿತ್ತು, ಕಿಂಡಿ ಕೊಯ್ದೆವು. ಕೌದಿ ಬೇಕಿತ್ತು, ಅಟ್ಟದ ಬಾಗಿಲು ಎಳೆದೆವು. ಬೇಕಾದ್ದು ಕೈಗೆ ಬಂದ ಗಳಿಗೆಯಲ್ಲೇ ಆ ನೂಕುಬಲ ನಿಂತುಹೋಗುತ್ತದೆ. ಮುಚ್ಚಲು ಮನುಷ್ಯನಿಗೆ ಯಾವ ಹಸಿವೂ ಇಲ್ಲ. ಆ ಕೆಲಸ ತನಗಾಗಿ ಮಾಡುವಂಥದ್ದಲ್ಲ, ಅದಕ್ಕೇ ಹಾಗೆ. ನಾನು ಕೆಳಗಿಳಿದೆ, ನನ್ನ ಕೆಲಸ ಆಯಿತು. ಇನ್ನು ಏಣಿ ತೆರೆದಿದ್ದರೆ ನನಗೇನು? ಆದರೆ ಮನೆಯಲ್ಲಿ ಈಗಷ್ಟೇ ನಡೆಯಲು ಕಲಿತ ಕೂಸು ಇರಬಹುದು. ತೆರೆದ ಏಣಿ ಕೂಸನ್ನು ಕರೆಯುತ್ತದೆ. ಮೊದಲ ಮೆಟ್ಟಿಲಿಗೆ ಕೈಯಿಟ್ಟ ಕೂಸು ಎರಡನೆಯದಕ್ಕೆ ಕಾಲಿಡುತ್ತದೆ. ಹತ್ತುವುದು ಅದಕ್ಕೆ ಬೇಗ ಬರುತ್ತದೆ, ಇಳಿಯುವುದು ಬಹಳ ತಡವಾಗಿ.

ತೆರೆದದ್ದನ್ನು ಮುಚ್ಚಬೇಕೆಂದು ನಮ್ಮ ನಾಡು ಕಲಿತ ಬಗೆ ಬಲು ಕಠೋರ. 2017ರ ಏಪ್ರಿಲ್‌ನಲ್ಲಿ ಬೆಳಗಾವಿ ಜಿಲ್ಲೆಯ ಝುಂಜರವಾಡದಲ್ಲಿ ಆರು ವರ್ಷದ ಹುಡುಗಿ ತೆರೆದ ಕೊಳವೆಬಾವಿಗೆ ಬಿದ್ದಳು, ಉಳಿಯಲಿಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಲಚ್ಯಾಣದಲ್ಲಿ ಇನ್ನೂ ಎರಡು ವರ್ಷವೂ ತುಂಬದ ಮಗು ಬಿತ್ತು. ಸುಮಾರು ಇಪ್ಪತ್ತು ತಾಸಿನ ಮೇಲೆ ಅದನ್ನು ಜೀವಂತ ಹೊರತೆಗೆದರು. ಆ ಇಡೀ ರಾತ್ರಿ ಉತ್ತರ ಕರ್ನಾಟಕದ ಮನೆಮನೆಯಲ್ಲಿ ಟಿವಿಯ ಮುಂದೆ ಕೂತವರು ಪರರ ಮಗುವಿಗಾಗಿ ದೇವರಿಗೆ ಹರಕೆ ಹೊತ್ತಿದ್ದರು. ಇಂಥ ಬಾವಿಗಳ ಬಗ್ಗೆ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿತ್ತು: ಬಿಟ್ಟುಹೋದ ಕೊಳವೆಬಾವಿಯನ್ನು ಮಣ್ಣು, ಮರಳು, ಕಲ್ಲುಗಳಿಂದ ತಳದಿಂದ ನೆಲಮಟ್ಟದವರೆಗೆ ತುಂಬಬೇಕು. ಕೊರೆಯುವ ದಿನ ಲಾರಿ ಬರುತ್ತದೆ, ತೆಂಗಿನಕಾಯಿ ಒಡೆಯುತ್ತಾರೆ, ಊರೇ ಸೇರುತ್ತದೆ, ಅಡಿಗಿಷ್ಟರಂತೆ ಹಣ ಎಣಿಸುತ್ತಾರೆ. ನೀರು ಬಾರದಿದ್ದರೆ ಲಾರಿ ಹೋಗುತ್ತದೆ, ಜನ ಚದುರುತ್ತಾರೆ, ರೈತ ಸಾಲದ ಚಿಂತೆಯಲ್ಲಿ ಮನೆಗೆ ನಡೆಯುತ್ತಾನೆ. ಆ ಮನಸ್ಥಿತಿಯಲ್ಲಿರುವವನಿಗೆ ಬಾಯಿ ಮುಚ್ಚುವ ಬಲ ಎಲ್ಲಿಂದ ಬರಬೇಕು? ಸೋತ ರೈತನನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಕೊರೆಯುವ ದರದಲ್ಲೇ ಮುಚ್ಚುವ ದರವೂ ಸೇರಿರಬೇಕಿತ್ತು, ಕೊರೆದ ಲಾರಿಯೇ ಮುಚ್ಚಿ ಹೊರಡಬೇಕಿತ್ತು. ಅಟ್ಟದ ಏಣಿಯ ಸ್ಪ್ರಿಂಗ್ ಮಾಡುವುದು ಇಷ್ಟನ್ನೇ: ಮುಚ್ಚುವ ಹೊತ್ತಿಗೆ ಮನುಷ್ಯ ದಣಿದಿರುತ್ತಾನೆ ಎಂದು ಮೊದಲೇ ತಿಳಿದು ಅವನ ಪಾಲಿನ ಬಲವನ್ನು ಕಾದಿಡುತ್ತದೆ.

ಹುಲಿಗಿಯವರಿಗೆ ಈ ಮಾತು ಇನ್ನೂ ಹತ್ತಿರದಲ್ಲಿ ಕಂಡಿದೆ. ಊರಿನ ಮೇಲುಗಡೆ ತುಂಗಭದ್ರಾ ಅಣೆಕಟ್ಟು. 1945ರಲ್ಲಿ ಅಡಿಗಲ್ಲು ಬಿದ್ದು 1953ರಲ್ಲಿ ನೀರು ನಿಂತದ್ದು. ಕಲ್ಲು ಮತ್ತು ಸುರ್ಕಿ ಗಾರೆಯಲ್ಲಿ ಕಟ್ಟಿದ್ದು. ಅದಕ್ಕೆ 33 ಗೇಟು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬುವ ಹಂತದಲ್ಲಿದ್ದ ಹೊತ್ತು ಅದು. ಒತ್ತಡ ಇಳಿಸಲು ಉಳಿದ ಗೇಟುಗಳನ್ನೂ ತೆರೆದು ನೀರು ಬಿಡಬೇಕಾಯಿತು. ಹಲವು ಜಿಲ್ಲೆಯ ಬೆಳೆಗೆಂದು ಕೂಡಿಟ್ಟ ನೀರು ನಮ್ಮ ಕಣ್ಣೆದುರೇ ಹೊಳೆಯಲ್ಲಿ ಹರಿದುಹೋಯಿತು. ಆ ಗೇಟಿನ ಜಾಗಕ್ಕೆ ಇಳಿಬಿಡಲು ಸ್ಟಾಪ್‌ಲಾಗ್ ಎನ್ನುವ ತಾತ್ಕಾಲಿಕ ತಡೆ ಸಿದ್ಧವಿರಲಿಲ್ಲ. ತಜ್ಞ ಎಂಜಿನಿಯರ್ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಅದನ್ನು ತುಂಡುತುಂಡಾಗಿ ಮಾಡಿಸಿ, ಕ್ರೇನ್‌ನಿಂದ ಹರಿವ ನೀರಿನಲ್ಲೇ ಒಂದೊಂದಾಗಿ ಇಳಿಸಿದರು. ಆಗಸ್ಟ್ 16ರಂದು ಮೊದಲ ತುಂಡು ಕೂತಿತು, ಮರುದಿನ ಉಳಿದವೂ ಕೂತವು.

ಆ ವಾರ ಹೊಳೆಯ ದಂಡೆಯಲ್ಲಿ ನಿಂತವರ ಬಾಯಲ್ಲಿ ಒಂದೇ ಮಾತು: "ಬಂದ್ ಆತೇನು?" ಗೇಟು ತೆರೆದಾಗ ನೋಡಲು ಹೋಗುವ ಸಡಗರ ನಮ್ಮದು. ಹಾಲ್ನೊರೆಯಂತೆ ನೀರು ಧುಮುಕುವುದನ್ನು ನೋಡಲು ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋದ ಪೀಳಿಗೆಗಳು ಇಲ್ಲಿವೆ. ಮುಚ್ಚುವುದನ್ನು ನೋಡಲು ಯಾರೂ ಹೋದವರಲ್ಲ. ಮುಚ್ಚುವುದರಲ್ಲಿ ನೋಡುವಂಥದ್ದು ಏನೂ ಇಲ್ಲವೆಂದೇ ಎಪ್ಪತ್ತು ವರ್ಷ ನಂಬಿದ್ದೆವು. ಆ ಎಪ್ಪತ್ತು ವರ್ಷ ಪ್ರತಿ ಸಲವೂ ಯಾರೋ ನಮಗೆ ಕಾಣದಂತೆ ಮುಚ್ಚುತ್ತ ಬಂದಿದ್ದರು, ಸರಪಳಿಗೆ ಗ್ರೀಸ್ ಹಚ್ಚುತ್ತ ಬಂದಿದ್ದರು. ಅವರ ಕೆಲಸ ನಮಗೆ ಕಂಡದ್ದು ಒಂದು ಗೇಟು ಮುಚ್ಚಲಾಗದೆ ಹೋದ ಆ ವಾರದಲ್ಲಿ.

ಏರುವುದನ್ನು ಹಾಡಿ ಹೊಗಳುವ ಜನ ನಾವು. ಗಂಗಾವತಿ ಕಡೆಯ ಅಂಜನಾದ್ರಿಗೆ 575 ಮೆಟ್ಟಿಲು. ಹೋಗಿ ಬಂದವರೆಲ್ಲರೂ ಆ ಲೆಕ್ಕವನ್ನು ಹತ್ತುವ ಲೆಕ್ಕವಾಗಿಯೇ ಹೇಳುತ್ತಾರೆ. ಅಷ್ಟೇ ಮೆಟ್ಟಿಲು ಇಳಿದದ್ದನ್ನು ಹೇಳಿದವರನ್ನು ಕಾಣೆ. ಮಂಡಿ ನೋಯುವುದು ಮಾತ್ರ ಇಳಿಯುವಾಗಲೇ. ಮೇಲೆ ಹತ್ತುವಾಗ ಮನಸ್ಸು ಕಾಲಿನ ಜೊತೆಗಿರುತ್ತದೆ, ಒಂದೊಂದು ಮೆಟ್ಟಿಲನ್ನೂ ಬಯಸಿ ಇಡುತ್ತದೆ. ಇಳಿಯುವಾಗ ಅದು ಆಗಲೇ ನೆಲ ಮುಟ್ಟಿ, ಬೇರೆ ಕೆಲಸಕ್ಕೆ ಹೊರಟಿರುತ್ತದೆ. ಏಣಿಯಲ್ಲಿ ಕೊನೆಯ ಮೆಟ್ಟಿಲೊಂದು ಉಳಿದಿರುವಾಗ ನೆಲ ಬಂತೆಂದು ಕಾಲು ಬಿಡುವುದು ಹೀಗೆಯೇ ಆಗುತ್ತದೆ. ಆದ್ದರಿಂದಲೇ ಇಳಿಯುವಾಗ ಏಣಿಗೆ ಮುಖ ಮಾಡಿ ಇಳಿಯಬೇಕು. ಎರಡು ಕೈ ಎರಡು ಕಾಲುಗಳಲ್ಲಿ ಯಾವ ಗಳಿಗೆಯಲ್ಲೂ ಮೂರು ಏಣಿಯನ್ನು ಬಿಡಬಾರದು. ಬೆನ್ನು ಏಣಿಗೆ ಕೊಟ್ಟು ಸಾದಾ ಮೆಟ್ಟಿಲಿಳಿದಂತೆ ಇಳಿಯುವವರಿದ್ದಾರೆ. ಅವರ ಹಿಮ್ಮಡಿಗೆ ಮಾತ್ರ ಆಧಾರ, ಕೈಗೆ ಗಾಳಿ.

ಶರಣರು ಹೇಳಿದ ಆರು ಸ್ಥಲಗಳನ್ನೂ ಮೆಟ್ಟಿಲುಗಳಂತೆ ಓದುವ ರೂಢಿಯಿದೆ: ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ. ಕೆಳಗಿನಿಂದ ಮೇಲಕ್ಕೆ ಎಣಿಸಿ ಅಲ್ಲಿಗೆ ನಿಲ್ಲಿಸುತ್ತೇವೆ. ಐಕ್ಯದ ಮಾತಾಡಿದ ಅದೇ ಬಾಯಿ ಕಾಯಕದ ಮಾತನ್ನೂ ಆಡಿತು. ದೋಣಿ ನಡೆಸುವವನು, ಬಟ್ಟೆ ಒಗೆಯುವವನು, ಚಪ್ಪಲಿ ಹೊಲಿಯುವವನು ಅನುಭವ ಮಂಟಪದಿಂದ ಎದ್ದು ಮರುದಿನ ತಮ್ಮ ಕೆಲಸಕ್ಕೇ ಹೋದರು. ಮೇಲೆ ಏನು ಕಂಡೆ ಎನ್ನುವುದಕ್ಕಿಂತ ಕಂಡವನು ಕೆಳಗೆ ಹೇಗೆ ಬದುಕಿದ ಎನ್ನುವುದನ್ನೇ ಅವರು ಹೆಚ್ಚು ಕೇಳಿಕೊಂಡರೆಂದು ನನ್ನ ಓದು.

ನನ್ನ ತಮ್ಮನ ಮಗಳು ಟೆಕ್ಸಾಸ್‌ನಲ್ಲಿದ್ದಾಳೆ. ಅಲ್ಲಿಯ ಬಿಸಿಲು ನಮ್ಮ ಯಲಬುರ್ಗಿ, ಕುಷ್ಟಗಿಯ ಬಿಸಿಲಿಗೆ ಕಡಿಮೆಯಿಲ್ಲವಂತೆ. ಬೇಸಿಗೆಯ ಮಧ್ಯಾಹ್ನ ಅಟ್ಟದಲ್ಲಿ ಹೆಚ್ಚು ಹೊತ್ತು ಇರಲಾಗದು, ಹತ್ತುವುದೇನಿದ್ದರೂ ಬೆಳಿಗ್ಗೆ. ದೀಪಾವಳಿಗೆ ಮುನ್ನ ಒಮ್ಮೆ ವಿಡಿಯೋ ಕರೆಯಲ್ಲಿ ಮಾತಾಡುತ್ತಲೇ ಅವಳು ಅಟ್ಟದ ಬಾಗಿಲು ಎಳೆದಳು. ಯಾರೂ ಹಿಡಿದುಕೊಳ್ಳದೆ ಹತ್ತುವುದನ್ನು ಕಂಡು ನನ್ನ ಜೀವ ತಡೆಯಲಿಲ್ಲ.

"ಯಾರನ್ನರ ಕರಿಯವ್ವಾ, ನಿಚ್ಚಣಿಕಿ ಹಿಡಕೊಳ್ಳಾಕ."

"ಇದಕ್ಕ ಯಾರೂ ಹಿಡಕೊಳ್ಳೂದು ಬೇಕಾಗಿಲ್ರೀ ದೊಡ್ಡಪ್ಪಾ, ಮ್ಯಾಲ ಬೋಲ್ಟ್ ಹೊಡದಾರ. ತಾನ ನಿಂದರತೈತಿ."

"ಅದು ನಿಂದರತೈತಿ ಖರೆ. ನಿನಗ ಮ್ಯಾಲ ಚಕ್ಕರ್ ಬಂದ್ರ ಯಾರಿಗೆ ಗೊತ್ತಾಗಬೇಕು?"

ಅವಳು ಗಂಡನನ್ನು ಕೂಗಿದಳು. ಅವನು ಬಂದು ಏಣಿಯ ಬದಿಯಲ್ಲಿ ನಿಂತ, ಮೇಲಿನಿಂದ ಕೊಟ್ಟ ಪೆಟ್ಟಿಗೆಗಳನ್ನು ಒಂದೊಂದಾಗಿ ಇಸಿದುಕೊಂಡ. ಅವಳ ಕೈಗಳು ಏಣಿಗೆ ಉಳಿದವು. ಕೆಳಗೆ ಒಬ್ಬರು ಇರುವುದರ ದೊಡ್ಡ ಉಪಯೋಗ ಇದೇ. ಭಾರವನ್ನು ಹಿಡಿದುಕೊಂಡು ಇಳಿಯಬೇಕಾಗುವುದಿಲ್ಲ.

ಅಮೆರಿಕದ ಅಟ್ಟದ ಇನ್ನೊಂದು ಗುಣವನ್ನು ಅವಳೇ ಹೇಳಿದಳು. ಹಲಗೆ ಹಾಸದ ಅಟ್ಟದಲ್ಲಿ ಕಾಲಿಡಬೇಕಾದ್ದು ಜಂತಿಗಳ ಮೇಲೆ ಮಾತ್ರ. ಜಂತಿ ಜಂತಿಯ ನಡುವೆ ಮೆತ್ತಗಿನ ಉಣ್ಣೆಯಂಥ ಪದಾರ್ಥ ತುಂಬಿರುತ್ತಾರೆ, ಅದರ ಕೆಳಗೆ ಜಿಪ್ಸಂ ಹಲಗೆ. ಅಲ್ಲಿ ಕಾಲಿಟ್ಟರೆ ಕೆಳಗಿನ ಕೋಣೆಯ ಚಾವಣಿ ಹರಿದು ಕಾಲು ಹೊರಬರುತ್ತದೆ. ನಮ್ಮ ಮೇಲ್ಮುದ್ದೆಯ ಮೇಲೆ ನಡೆದವರೂ ಜಂತಿ ಎಲ್ಲಿದೆ ಎಂದು ಅರಿತೇ ನಡೆದವರು. ಹಳೆ ಮಾಳಿಗೆಯಲ್ಲಿ ಹಿರಿಯರು ಮಕ್ಕಳಿಗೆ "ತೊಲಿ ಮ್ಯಾಲ ಹೋಗ್ರಿ" ಎನ್ನುತ್ತಿದ್ದರು. ಕಾಣದ ಆಧಾರದ ಮೇಲೆ ಹೆಜ್ಜೆಯಿಡುವ ಆ ಜ್ಞಾನ ಮಣ್ಣಿನ ಮಾಳಿಗೆಯಿಂದ ಸಮುದ್ರ ದಾಟಿ ಅಲ್ಲಿಯ ಮರದ ಮನೆಗೂ ಉಪಯೋಗಕ್ಕೆ ಬಂದದ್ದು ನನಗೆ ಸಂತೋಷ ಕೊಟ್ಟಿತು.

ಏಣಿ ಹಿಡಿದು ನಿಲ್ಲುವವನ ಕೆಲಸದ ಬಗ್ಗೆ ನಾನು ಇತ್ತೀಚೆಗೆ ಹೆಚ್ಚು ಯೋಚಿಸುತ್ತೇನೆ. ಆ ಪಾಳಿ ಈಗ ನನ್ನದು. ಹತ್ತುವ ವಯಸ್ಸು ದಾಟಿದೆ. ಮಗ ಹತ್ತುತ್ತಾನೆ, ನಾನು ಕಾಲು ಒತ್ತಿ ಹಿಡಿಯುತ್ತೇನೆ. ಮೊದಮೊದಲು ಇದು ಸೋತ ಹಾಗೆ ಅನಿಸಿದ್ದುಂಟು. ಹಿಡಿದು ನಿಂತ ಮೇಲೆ ತಿಳಿದದ್ದು, ಮೇಲಿರುವವನಿಗೆ ಅಟ್ಟದ ಕತ್ತಲೆ, ಧೂಳು, ಹುಡುಕುವ ವಸ್ತು ಇಷ್ಟೇ ಕಾಣುತ್ತದೆ. ಏಣಿ ಸರಿಯುತ್ತಿದೆಯೇ, ಅವನ ಎಡಗಾಲು ಅಂಚಿಗೆ ಬಂದಿದೆಯೇ, ಆಡುತ್ತ ಬಂದ ಮೊಮ್ಮಗಳು ಏಣಿಯ ಅಡಿಗೆ ನುಸುಳುತ್ತಿದ್ದಾಳೆಯೇ, ಇವೆಲ್ಲ ಕೆಳಗಿರುವವನಿಗೇ ಕಾಣುವಂಥವು. ಹತ್ತಿದವನಿಗೆ ತಾನು ಒಬ್ಬನೇ ಹತ್ತಿದೆ ಅನಿಸುವುದು ಸಹಜ. ಹಿಡಿದು ನಿಂತವನಿಗೆ ಹಾಗೆ ಅನಿಸುವ ಅವಕಾಶವೇ ಇಲ್ಲ. ಅವನ ಅಂಗೈಗೆ ಮೇಲಿನವನ ಒಂದೊಂದು ಹೆಜ್ಜೆಯೂ ಏಣಿಯ ಮೂಲಕ ಬಂದು ತಿಳಿಯುತ್ತದೆ.

ನಮ್ಮ ಅಟ್ಟದ ಬಾಗಿಲ ಒಳಮೈಗೆ ಮಗ ಒಂದು ಹಾಳೆ ಅಂಟಿಸಿದ್ದಾನೆ, ಮೇಲೆ ಏನೇನಿದೆ ಎಂದು. ಕೌದಿ, ತಾಮ್ರದ ಹಂಡೆ, ಗಣಪತಿಯ ಮಂಟಪ, ಅವ್ವನ ಟ್ರಂಕು. ಇಲ್ಲದ್ದನ್ನು ಹುಡುಕಲು ವೃಥಾ ಹತ್ತುವುದು ತಪ್ಪಿದೆ. ಅದನ್ನು ಓದುತ್ತ ನಾನು ಮಗನಿಗೆ ಹೇಳಿದ್ದು, ಭಾರದ ಸಾಮಾನೆಲ್ಲ ನೀನು ಗಟ್ಟಿಯಿರುವಾಗಲೇ ಕೆಳಗಿಳಿಯಲಿ, ಮೇಲೆ ಹಗುರಾದದ್ದು ಇರಲಿ ಎಂದು. ಹಂಡೆಯನ್ನು ಈ ಭರತ ಹುಣ್ಣಿಮೆಗೆ ಇಳಿಸಿದ ಮೇಲೆ ಮತ್ತೆ ಹತ್ತಿಸಲಿಲ್ಲ, ಹಿತ್ತಿಲ ಕೋಣೆಯಲ್ಲಿಟ್ಟೆವು.

ಮಡಚು ಏಣಿಯನ್ನು ಮುಚ್ಚುವ ಕ್ರಮ ತೆರೆದದ್ದರ ತಿರುವುಮುರುವು. ಕೆಳಗಿನ ತುಂಡನ್ನು ಮೊದಲು ಎತ್ತಿ ನಡುವಿನದರ ಮೇಲೆ ಮಡಚಬೇಕು, ಅವೆರಡನ್ನೂ ಸೇರಿಸಿ ಮೇಲಿನದರ ಮೇಲೆ. ಬೆರಳು ಕೀಲಿನ ಹತ್ತಿರ ಇರಬಾರದು, ಬದಿಯ ಕಟ್ಟಿಗೆಯನ್ನು ಹಿಡಿಯಬೇಕು. ಬಾಗಿಲನ್ನು ಮೆಲ್ಲಗೆ ಮೇಲಕ್ಕೆ ಒತ್ತುತ್ತ ಹೋದರೆ ಒಂದು ಹಂತದಲ್ಲಿ ಸ್ಪ್ರಿಂಗ್ ತಾನೇ ಕಸಿದುಕೊಳ್ಳುತ್ತದೆ. ಅಲ್ಲಿ ಕೈ ಸಡಿಲ ಬಿಡದೆ ಬಾಗಿಲ ಜೊತೆಗೇ ಹೋಗಬೇಕು, ಇಲ್ಲವಾದರೆ ಅದು ಚೌಕಟ್ಟಿಗೆ ಬಡಿದು ದಿನಕಳೆದಂತೆ ತಿರುಪುಗಳು ಸಡಿಲವಾಗುತ್ತವೆ. ಚೌಕಟ್ಟಿಗೆ ಸಮವಾಗಿ ಕೂತಿದೆಯೇ ಎಂದು ನೋಡಬೇಕು. ಒಂದು ಮೂಲೆ ಇಳಿದಿದ್ದರೆ ಆ ಕಡೆಯ ಸ್ಪ್ರಿಂಗ್ ಸೋತಿದೆ ಎಂದರ್ಥ, ಬದಲಿಸುವ ತನಕ ಹತ್ತಬಾರದು.

ಇವೆಲ್ಲಕ್ಕೂ ಮುಂಚೆ ಮಾಡಬೇಕಾದದ್ದು ಒಂದಿದೆ. ಅಣೆಕಟ್ಟಿನಿಂದ ನೀರು ಬಿಡುವ ಮುನ್ನ ಹೊಳೆದಂಡೆಯ ಊರುಗಳಿಗೆ ಎಚ್ಚರಿಕೆ ಕೊಡುತ್ತಾರೆ, ದನ ಕಾಯುವವರು, ಬಟ್ಟೆ ಒಗೆಯುವವರು ದಂಡೆ ಬಿಟ್ಟು ಮೇಲೆ ಬರಲೆಂದು. ಅಟ್ಟ ಮುಚ್ಚುವಾಗ ಎಚ್ಚರಿಕೆಯನ್ನು ಮೇಲಕ್ಕೆ ಕೊಡಬೇಕು. ಎಲ್ಲರೂ ಇಳಿದದ್ದು ಕಣ್ಣಾರೆ ಕಂಡಿದ್ದರೂ, ಮನೆಯಲ್ಲಿ ಯಾರೂ ಇಲ್ಲವೆಂದು ಗೊತ್ತಿದ್ದರೂ, ಏಣಿಯ ಮೊದಲ ಮಡಿಕೆಗೆ ಕೈಹಾಕುವ ಮುನ್ನ ಮುಖ ಮೇಲೆತ್ತಿ ಜೋರಾಗಿ ಕೇಳಬೇಕು: "ಮ್ಯಾಲ ಯಾರರ ಅದೀರೇನು?" ಬೆಕ್ಕೇ ಇರಲಿ, ಕಣ್ಣುಮುಚ್ಚಾಲೆ ಆಡುತ್ತ ಟ್ರಂಕಿನ ಹಿಂದೆ ಕೂತ ಮೊಮ್ಮಗಳೇ ಇರಲಿ, ಉತ್ತರ ಬರುವಷ್ಟು ಹೊತ್ತು ನಿಂತು, ಆಮೇಲೆ ದೀಪ ಆರಿಸಿ, ಮಡಚಲು ತೊಡಗಬೇಕು.